ಯಾವಾಗ ನಾರತೈತಿ?

ಮನೆಯಲ್ಲಿ ನಾತ ಬಂದರೆ ಅಂಗಳಕ್ಕೆ ಹೋಗಿ ಕೂತುಕೊಳ್ಳಬಹುದು. ಗಾಲಿಯ ಮೇಲಿನ ಮನೆಗೆ ಅಂಗಳವೆಲ್ಲಿ? ಕ್ಯಾರವಾನಿನೊಳಗೆ ಒಲೆ, ಹಾಸಿಗೆ, ಸಂಡಾಸ ಮೂರೂ ಮಗ್ಗುಲು ಮಗ್ಗುಲಿಗೆ. ಬೆಳಗಾವಿ ಬಿಟ್ಟು ಬಾದಾಮಿ, ಐಹೊಳೆ ನೋಡಿಕೊಂಡು ವಿಜಯಪುರ ಮುಟ್ಟುವುದರೊಳಗೆ ಯಾರಾದರೊಬ್ಬರು ಮೂಗು ಅರಳಿಸುವುದು ಖಾತ್ರಿ: "ಏನೋ ನಾರಾಕತ್ತೈತಲ್ಲೊ?" ಉಳಿದವರು ಮೊದಲು ಒಬ್ಬರ ಸಾಕ್ಸನ್ನು ಒಬ್ಬರು ಸಂಶಯದಿಂದ ನೋಡುತ್ತಾರೆ. ಆಮೇಲೆ ಊದಿನಕಡ್ಡಿ ಹಚ್ಚುತ್ತಾರೆ.

ಹಚ್ಚಬಾರದು. ನಾತವೆಂದರೆ ಸಾಕ್ಷಿ. ಊದಿನಕಡ್ಡಿ ಆ ಸಾಕ್ಷಿಯ ಬಾಯಿಗೆ ಅರಿವೆ ತುರುಕುತ್ತದೆ. ಅದಲ್ಲದೆ, ಬಂದದ್ದು ಅಡಿಗೆ ಗ್ಯಾಸಿನ ವಾಸನೆಯೇ ಆಗಿದ್ದರೆ ಕಡ್ಡಿ ಗೀರಿದ ಮೇಲೆ ಹುಡುಕುವ ಕೆಲಸವೇ ಉಳಿಯದು. ಎಲ್‌ಪಿಜಿಗೆ ತನ್ನದೇ ವಾಸನೆಯಿಲ್ಲ. ಸೋರಿದ್ದು ಗೊತ್ತಾಗಲೆಂದೇ ಅದಕ್ಕೆ ಮರ್ಕಾಪ್ಟನ್ ಎಂಬ ನಾರುವ ರಾಸಾಯನಿಕ ಬೆರೆಸುತ್ತಾರೆ. ಈ ಗ್ಯಾಸು ಗಾಳಿಗಿಂತ ಭಾರ, ನೆಲ ಹಿಡಿದು ಕೂಡುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ಮೊಣಕಾಲೂರಿ, ಮೂಗನ್ನು ನೆಲಮಟ್ಟಕ್ಕೆ ತಂದು. ಸಂಶಯ ಬಂದರೆ ಸ್ವಿಚ್ಚು ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆಗೆದು ಎಲ್ಲರೂ ಹೊರಗೆ. ಗಾಳಿಯಾಡಿದ ಮೇಲೆ ರೆಗ್ಯುಲೇಟರ್ ಮತ್ತೆ ತೆರೆದು, ಸಾಬೂನಿನ ನೊರೆಯನ್ನು ಪೈಪಿನ ಕೂಡುಗಳಿಗೆ ಸವರಿದರೆ ಗುಳ್ಳೆ ಎದ್ದಲ್ಲಿ ಸೋರಿಕೆ.

ಗ್ಯಾಸಲ್ಲ ಎಂದು ಖಾತ್ರಿಯಾದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ "ಎಲ್ಲಿಂದ?" ಅದಕ್ಕಿಂತ ಕೆಲಸಕ್ಕೆ ಬರುವ ಪ್ರಶ್ನೆ "ಯಾವಾಗ?" ಗಾಡಿ ಓಡುವಾಗಲೋ ನಿಂತಾಗಲೋ, ಫ್ಯಾನ್ ಹಾಕಿದಾಗಲೋ, ಬಿಸಿನೀರು ಬಿಟ್ಟಾಗಲೋ, ಮಳೆಯ ಮರುದಿನವೋ? ಮೂಗಿಗೆ ದಿಕ್ಕು ಸರಿಯಾಗಿ ತಿಳಿಯದು. ಜೊತೆಗೆ ಅದು ಬಹಳ ಲಗು ಸೋಲುತ್ತದೆ. ಒಳಗೆ ಕೂತು ಐದು ಹತ್ತು ನಿಮಿಷವಾಯಿತೆಂದರೆ "ಈಗ ಬರವಲ್ದು, ಹೋತು" ಅನಿಸುತ್ತದೆ. ಹೋದದ್ದು ನಾತವಲ್ಲ, ಮೂಗು. ಅದಕ್ಕೇ ಫ್ಯಾನು ಆರಿಸಿ, ಕಿಟಕಿ ಬಾಗಿಲು ಹಾಕಿ, ಗಾಡಿಯನ್ನು ಎರಡು ತಾಸು ಬಿಸಿಲಿಗೆ ಬಿಟ್ಟು, ಹೊರಗಿನಿಂದ ಒಳಗೆ ಹೊಕ್ಕ ಮೊದಲ ಅರ್ಧ ನಿಮಿಷದಲ್ಲಿ ಮೂಸಬೇಕು. ಮತ್ತೆ ಹೊರಗೆ ಹೋಗಿ ಮೂಗಿಗೆ ಬಿಡುವು ಕೊಡಬೇಕು. ಸಂಕೋಚವಿಲ್ಲದ ಮಾವಶಿಯೊಬ್ಬಳು ಊರಿನಿಂದ ಬಂದಿದ್ದರೆ ಮೊದಲು ಅವಳನ್ನೇ ಹತ್ತಿಸುವುದು ಉತ್ತಮ.

ಬಹಳ ಸಲ ದೂರು ಬರುವುದು ಕೊಳೆತ ತತ್ತಿಯ ನಾತದ್ದು. ತೆಂಕಣದವರು ಮೊಟ್ಟೆಯೆನ್ನಲಿ, ನಾತ ಒಂದೇ. ಅದಕ್ಕೆ ಮೂರು ತವರುಗಳಿವೆ, ಮೂರಕ್ಕೂ ಸಮಯ ಬೇರೆ.

ನಾಲ್ಕಾರು ದಿನ ನಿಲ್ಲಿಸಿಟ್ಟ ಗಾಡಿಯ ಬಾಗಿಲು ತೆಗೆದ ಕೂಡಲೇ ಬಂದರೆ ಅದು ಬಚ್ಚಲ ಕಿಂಡಿಯದು. ಸಿಂಕು, ಬಚ್ಚಲು ಎರಡರ ಕೆಳಗೂ ಪೈಪು ಬಾಗಿ, ಆ ಬಾಗಿನಲ್ಲಿ ಒಂದಿಷ್ಟು ನೀರು ನಿಂತಿರುತ್ತದೆ. ಕೊಳೆನೀರಿನ ಟಾಕಿಯ ಗಾಳಿಗೆ ಆ ನೀರೇ ಬಾಗಿಲು. ಚೈತ್ರ ವೈಶಾಖದಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದಾಗ, ಮುಚ್ಚಿದ ಗಾಡಿಯೊಳಗಿನ ಕಾವು ಇನ್ನೂ ಹೆಚ್ಚು. ಆ ನೀರು ಆರಿ ಹೋಗುತ್ತದೆ. ರಸ್ತೆಯ ಗುಂಡಿಗಳಿಗೆ ಕುಲುಕಿ ಚೆಲ್ಲುವುದೂ ಉಂಟು. ಉಪಾಯ ಸಸ್ತಾ: ಪ್ರತಿ ಕಿಂಡಿಗೆ ಎರಡು ಲೋಟ ನೀರು. ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವುದಿದ್ದರೆ ಆ ನೀರಿನ ಮೇಲೆ ಒಂದೆರಡು ಚಮಚ ಅಡಿಗೆ ಎಣ್ಣೆ. ಎಣ್ಣೆ ತೇಲಿ ಮುಚ್ಚಳವಾಗುತ್ತದೆ, ನೀರು ಆರುವುದಿಲ್ಲ. ನೀರು ಹಾಕಿದ ಮೇಲೂ ನಾರಿದರೆ ಎಲ್ಲ ಕಿಂಡಿಗಳಿಗೂ ಟೇಪು ಅಂಟಿಸಿ, ದಿನಕ್ಕೊಂದರಂತೆ ಬಿಚ್ಚುತ್ತ ಹೋಗಿ. ಕಳ್ಳ ಯಾರೆಂದು ತಿಳಿಯುತ್ತದೆ.

ದೂರ ಓಡಿಸಿದ ಮೇಲೆ ಅಥವಾ ಚಾರ್ಜರ್ ಹಚ್ಚಿ ಮಲಗಿದ ರಾತ್ರಿ ಅದೇ ನಾತ ಬಂದರೆ ಸಂಡಾಸವನ್ನು ಬಯ್ಯಬೇಡಿ. ಅದು ಸೀಸದ ಬ್ಯಾಟರಿ ಅತಿಯಾಗಿ ಚಾರ್ಜಾಗಿ ಕುದಿಯುವ ಲಕ್ಷಣ. 12 ವೋಲ್ಟಿನ ಬ್ಯಾಟರಿಯ ಚಾರ್ಜಿಂಗ್ 15 ವೋಲ್ಟ್ ದಾಟಿ ಅಲ್ಲೇ ನಿಂತರೆ ವೋಲ್ಟೇಜ್ ರೆಗ್ಯುಲೇಟರೋ ಚಾರ್ಜರೋ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು. ಚಾರ್ಜಿಂಗ್ ನಿಲ್ಲಿಸಿ, ಕಿಟಕಿ ತೆರೆದು, ಬ್ಯಾಟರಿ ತಣ್ಣಗಾಗುವ ತನಕ ಕಿಡಿ ಹತ್ತಿರ ಬರದಂತೆ ನೋಡಿಕೊಳ್ಳಬೇಕು. ಅದರಿಂದ ಹೊರಡುವ ಹೈಡ್ರೋಜನ್ ಸಿಡಿಯುವ ಜಾತಿಯದು.

ತಣ್ಣೀರಿಗಿಲ್ಲದ ನಾತ ಬಿಸಿನೀರಿನ ನಳಕ್ಕೆ ಮಾತ್ರ ಬಂದರೆ ಗೀಸರಿನೊಳಗೆ ತುಕ್ಕು ತಡೆಯಲು ಇಟ್ಟ ಮೆಗ್ನೇಸಿಯಂ ಕಡ್ಡಿ ಮತ್ತು ಬೋರಿನ ನೀರು ಕೂಡಿ ಮಾಡಿದ ಕಿತಾಪತಿ. ಒಳ್ಳೆಯ ನೀರಿನ ಟಾಕಿ, ಗೀಸರು ಎರಡನ್ನೂ ತೊಳೆಯಬೇಕು. 100 ಲೀಟರ್ ನೀರಿಗೆ ಶೇಕಡಾ 5ರ, ಸುವಾಸನೆ ಬೆರೆಸದ ಬ್ಲೀಚ್ ದ್ರಾವಣ 100 ಮಿಲಿ. ಪ್ರತಿ ನಳದಲ್ಲೂ ಬ್ಲೀಚಿನ ವಾಸನೆ ಬರುವವರೆಗೆ ಬಿಟ್ಟು, ನಾಲ್ಕು ತಾಸು ಹಾಗೇ ಇಟ್ಟು, ವಾಸನೆ ಹೋಗುವವರೆಗೆ ಒಳ್ಳೆಯ ನೀರಿನಿಂದ ತೊಳೆಯಬೇಕು.

ಛಾವಣಿಯ ಫ್ಯಾನಿನದು ಬೇರೆಯೇ ಕಥೆ. ನಾತ ಹೊರಹಾಕಲೆಂದು ಅದನ್ನು ಚಾಲೂ ಮಾಡುತ್ತಾರೆ, ನಾತ ಜಾಸ್ತಿಯಾಗುತ್ತದೆ! ಕಾರಣ ಸರಳ. ಹೊರಹೋದಷ್ಟು ಗಾಳಿ ಎಲ್ಲಿಂದಾದರೂ ಒಳಬರಲೇಬೇಕು. ಕಿಟಕಿಗಳೆಲ್ಲ ಮುಚ್ಚಿದ್ದರೆ ಅದು ಬಚ್ಚಲ ಕಿಂಡಿಯಿಂದ, ಸಂಡಾಸದ ಬಟ್ಟಲಿನಿಂದ ಬರುತ್ತದೆ. ಮೊದಲು ಒಂದು ಕಿಟಕಿ ನಾಲ್ಕು ಬೆರಳು ತೆರೆಯಿರಿ, ಆಮೇಲೆ ಫ್ಯಾನ್. ಫ್ಲಶ್ ಒತ್ತುವ ಮುಂಚೆ ಫ್ಯಾನ್ ಬಂದ್. ಇಷ್ಟು ಶಿಸ್ತು ಮಕ್ಕಳಿಗೆ ಬರುತ್ತದೆ, ಹಿರಿಯರಿಗೆ ಬರುವುದು ಕಷ್ಟ.

ಸಂಡಾಸದ ಟಾಕಿ ನಾರುವುದು ನೀರಿನ ಜಿಪುಣತನದಿಂದ. ನೀರು ಸಾಲದಿದ್ದರೆ ಗಟ್ಟಿ ಕೆಳಗೆ ಗುಡ್ಡೆಯಾಗಿ ಒಣಗುತ್ತದೆ, ಖಾಲಿ ಮಾಡಿದರೂ ಜಾರುವುದಿಲ್ಲ. ಖಾಲಿ ಮಾಡಿದ ಕೂಡಲೇ ಹತ್ತು ಹದಿನೈದು ಲೀಟರ್ ನೀರು ತುಂಬಿ, ವಾಲ್ವು ಮುಚ್ಚಿಯೇ ಇಟ್ಟು, ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ ಒಮ್ಮೆಲೇ ಬಿಡಬೇಕು. ಬಿಡುವುದು ಒಳಚರಂಡಿಯ ಗುಂಡಿಗೆ, ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಗಲ್ಲ. ರಾತ್ರಿ ಬಟ್ಟಲಿನಲ್ಲಿ ಬಿಟ್ಟ ನೀರು ಬೆಳಿಗ್ಗೆ ಇಳಿದು ಹೋಗಿದ್ದರೆ ಅಡಿಯ ರಬ್ಬರ್ ವಾಶರ್ ಒಣಗಿದೆ ಅಥವಾ ಕಸ ಹಿಡಿದಿದೆ. ಒರೆಸಿ, ಸಿಲಿಕಾನ್ ಗ್ರೀಸು ಸವರಿದರೆ ಆಯಿತು. ಗಾಡಿಯ ಗ್ರೀಸು ರಬ್ಬರನ್ನು ಉಬ್ಬಿಸುತ್ತದೆ. ಅರ್ಧ ಬಾಟಲಿ ಫಿನಾಯಿಲ್ ಸುರಿಯುವ ಶೂರರೂ ಇದ್ದಾರೆ. ಮಲ ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಅದು ಕೊಲ್ಲುತ್ತದೆ. ಆಸಿಡ್ಡಿನ ಟಾಯ್ಲೆಟ್ ಕ್ಲೀನರ್ ಮೇಲೆ ಬ್ಲೀಚ್ ಸುರಿದರಂತೂ ಕ್ಲೋರಿನ್ ವಿಷಗಾಳಿ ಏಳುತ್ತದೆ, ಅದೂ ಮೂರಡಿ ಅಗಲದ ಕೋಣೆಯಲ್ಲಿ.

ಸಂಡಾಸಕ್ಕಿಂತ ಹೆಚ್ಚು ನಾರುವುದು ಪಾತ್ರೆ ತೊಳೆದ ನೀರಿನ ಟಾಕಿ ಎಂದರೆ ಬಹಳ ಮಂದಿ ನಂಬುವುದಿಲ್ಲ. ಜೋಳದ ಹಿಟ್ಟಿನ ಕೈ ತೊಳೆದ ನೀರು, ಶೇಂಗಾ ಚಟ್ನಿಯ ಎಣ್ಣೆ, ಹುಳಿಮಜ್ಜಿಗೆ ಎಲ್ಲ ಕೂಡಿ ಎರಡು ದಿನ ಕಾವಿಗೆ ಕೂತರೆ ಏನಾಗಬೇಕು? ತಾಟನ್ನು ತೊಳೆಯುವ ಮುಂಚೆ ಕಾಗದದಿಂದ ಒರೆಸಿದರೆ ಅರ್ಧ ತಂಟೆ ಮುಗಿಯಿತು. ಉಳಿದರ್ಧಕ್ಕೆ ಟಾಕಿಗೆ ಬಿಸಿನೀರು, ಪಾತ್ರೆ ಸಾಬೂನು ಹಾಕಿ ಇಪ್ಪತ್ತು ಕಿಲೋಮೀಟರ್ ಓಡಿಸಿದರೆ ರಸ್ತೆಯೇ ಕುಲುಕಿ ತೊಳೆಯುತ್ತದೆ. ಆಮೇಲೆ ಖಾಲಿ ಮಾಡಿ.

ಬೆಳಗಾವಿ, ಖಾನಾಪುರದ ಮಳೆಗಾಲಕ್ಕೆ ಬೇರೆ ನಾತ, ಮುಗ್ಗಲು. ಹಾಸಿಗೆಯ ಮೇಲಲ್ಲ, ಕೆಳಗೆ ನೋಡಬೇಕು: ಗಾದಿ ಮತ್ತು ಪ್ಲೈವುಡ್ ನಡುವೆ ಉಸಿರಿನ ತೇವ ಹನಿಗಟ್ಟಿ ಬೂಸರು ಹಿಡಿಯುತ್ತದೆ. ಹಲಗೆಗೆ ತೂತು ಕೊರೆದು ಗಾಳಿಯಾಡಿಸಬೇಕು. ಎಸಿ ಹಾಕಿದ ಮೊದಲ ನಿಮಿಷದಲ್ಲಷ್ಟೇ ಹುಳಿ ನಾತ ಬಂದರೆ ನೀರಿಳಿಯುವ ಸಣ್ಣ ಪೈಪು ಧೂಳಿನಿಂದ ಕಟ್ಟಿರುತ್ತದೆ. ಮೀನು ಸುಟ್ಟಂತೆ ನಾರಿದರೆ ವೈರಿಂಗ್ ಕಾದಿದೆ, ಮೇನ್ ಆರಿಸಿ. ಸತ್ತ ಇಲಿಗೆ ಮದ್ದಿಲ್ಲ. ಸಿಗದಿದ್ದರೆ ವಾರ ಎರಡು ವಾರ ಅದೇ ಯಜಮಾನ.

ಇಷ್ಟೆಲ್ಲ ಮಾಡಿಯೂ, ಸ್ಕ್ರೂಡ್ರೈವರ್ ಹಿಡಿದು ನೆಲದ ಹಲಗೆ ಕೀಳುವ ಮುಂಚೆ ತಿಂಗಳು ಯಾವುದೆಂದು ನೋಡಿಕೊಳ್ಳಿ. ಮುಧೋಳ, ಜಮಖಂಡಿ, ಅಥಣಿ ಕಡೆ ಕಬ್ಬು ನುರಿಯುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗಳ ಕಾಕಂಬಿಯ ಹುಳಿ ವಾಸನೆ ಗಾಳಿ ಬೀಸಿದತ್ತ ಬಹಳ ದೂರ ನಡೆಯುತ್ತದೆ. ಗಾಡಿಯನ್ನು ಐದಾರು ಕಿಲೋಮೀಟರ್ ಮುಂದೆ ಒಯ್ದು, ಇಳಿದು, ಮತ್ತೊಮ್ಮೆ ಹತ್ತಿ ಮೂಸಿ.