ರೊಟ್ಟಿ ಕಾಯುವವರ ಸಭೆ

ಬ್ರಿಟನ್ ಸಂಸತ್ತಿನ ಮೇಲ್ಮನೆಯಲ್ಲಿ, ವಿಶೇಷ ದಿನಗಳಂದು ಕೆಂಪು ನಿಲುವಂಗಿ ತೊಟ್ಟು ಕೂರುವ ಮಹನೀಯರಿದ್ದಾರಲ್ಲ, ಅವರ ಬಿರುದು ಹುಟ್ಟಿದ್ದು ಉಗ್ರಾಣದ ಬಾಗಿಲಲ್ಲಿ. ಲಾರ್ಡ್ ಎಂಬುದು ಹಳೆ ಇಂಗ್ಲಿಷಿನಲ್ಲಿ 'ಹ್ಲಾಫ್‌ವೆಅರ್ಡ್', ಅಂದರೆ ರೊಟ್ಟಿ ಕಾಯುವವನು. ಲೇಡಿ ಹಿಟ್ಟು ನಾದುವವಳು. ಮನೆಯ ಆಳು 'ಹ್ಲಾಫ್‌ಏಟ', ರೊಟ್ಟಿ ತಿನ್ನುವವನು. ಸುಮಾರು 600ರ ಹೊತ್ತಿಗೆ ಕೆಂಟ್ ದೊರೆ ಎಥೆಲ್‌ಬರ್ಟ್ ಮಾಡಿದ ಕಾನೂನಿನಲ್ಲಿ ಇವನಿಗೂ ಒಂದು ಬೆಲೆಯಿದೆ: ಸಾಮಾನ್ಯ ರೈತನ ಮನೆಯ ರೊಟ್ಟಿ ತಿನ್ನುವವನನ್ನು ಕೊಂದರೆ 6 ಷಿಲಿಂಗ್ ದಂಡ.

ಈಗ ದರ ಏರಿದೆ. 2010ರಲ್ಲಿ ಮೇಲ್ಮನೆಗೆ ಬಂದು ಹಾಜರಿ ಹಾಕಿದ ಲಾರ್ಡಿಗೆ ದಿನಕ್ಕೆ 300 ಪೌಂಡ್ ಭತ್ಯೆ ನಿಗದಿಯಾಯಿತು, ಅದೂ ತೆರಿಗೆಯಿಲ್ಲದೆ. ಆಮೇಲೆ ಅದು ಇನ್ನೂ ಹೆಚ್ಚಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ನಾವು ಬೈಯುತ್ತೇವೆ. ಅವರು ಬೇಲಿಗೆ ದಿನಭತ್ಯೆ ಕೊಟ್ಟು ಮೇಯಿಸುತ್ತಾರೆ.

ಕಾವಲಿನ ಕೆಲಸ ಸಿಗುವ ಬಗೆಯಂತೂ ಇನ್ನೂ ಸೊಗಸು. ಲಾಯ್ಡ್ ಜಾರ್ಜ್ ಪ್ರಧಾನಿಯಾಗಿದ್ದಾಗ ಬಿರುದುಗಳು ಸಂತೆ ಸರಕಿನಂತೆ ಬಿಕರಿಯಾದವು. ಅದನ್ನು ತಡೆಯಲು 1925ರಲ್ಲಿ ಕಾಯ್ದೆಯೇ ಬಂತು. ಅದರಡಿ ಶಿಕ್ಷೆಯಾದದ್ದು ಮಾಂಡಿ ಗ್ರೆಗರಿ ಎಂಬ ಒಬ್ಬ ದಲ್ಲಾಳಿಗೆ ಮಾತ್ರ. ಕೊಂಡವರು ಮರ್ಯಾದಸ್ಥರು, ಬಿಡಿ. 1999ರಲ್ಲಿ ವಂಶಪಾರಂಪರ್ಯದ ಲಾರ್ಡ್‌ಗಳನ್ನು ಮನೆಗೆ ಕಳಿಸುವಾಗಲೂ 92 ಮಂದಿಯನ್ನು ಉಳಿಸಿಕೊಂಡರು. ಅವರಲ್ಲೊಬ್ಬರು ತೀರಿಕೊಂಡರೆ ಉಪಚುನಾವಣೆ ನಡೆಯುತ್ತಿತ್ತು! 2016ರಲ್ಲಿ ಲಿಬರಲ್ ಡೆಮಾಕ್ರಾಟ್ ಪಾಲಿನ ಒಂದು ಸ್ಥಾನಕ್ಕೆ ನಡೆದ ಚುನಾವಣೆಯಲ್ಲಿ ಅಭ್ಯರ್ಥಿಗಳು 7, ಮತದಾರರು 3. ಮೂರೂ ಮತ ವೈಕೌಂಟ್ ಥರ್ಸೋ ಅವರಿಗೇ ಬಿದ್ದವು. ನಮ್ಮ ಗ್ರಾಮ ಪಂಚಾಯಿತಿ ವಾರ್ಡುಗಳಲ್ಲಿ ಇಷ್ಟು ಅಗ್ಗದ ಪ್ರಚಾರವನ್ನು ಯಾರೂ ಕನಸಲ್ಲೂ ಕಂಡಿರಲಾರರು. ಹೋಳಿಗೆ ಊಟ ಹಾಕಿಸಿದರೂ ಒಂದೇ ಪಂಕ್ತಿಗೆ ಮುಗಿಯುತ್ತಿತ್ತು.

ನಗುವುದಕ್ಕೆ ನಮಗೇನೂ ಹಕ್ಕಿಲ್ಲ. ನ್ಯಾಯಮೂರ್ತಿಗಳನ್ನು ಕರೆಯಲು 'ಮೈ ಲಾರ್ಡ್' ಬೇಡ, 'ಯುವರ್ ಆನರ್' ಸಾಕೆಂದು ಭಾರತೀಯ ವಕೀಲರ ಪರಿಷತ್ತು 2006ರಲ್ಲೇ ಹೇಳಿತು. 'ಮೈ ಲಾರ್ಡ್' ಎನ್ನುವುದು ಕಡ್ಡಾಯವಲ್ಲ, ಗೌರವದಿಂದ ಕರೆದರೆ ಸಾಕೆಂದು ಸುಪ್ರೀಂ ಕೋರ್ಟೂ 2014ರಲ್ಲಿ ಹೇಳಿತು. ಯಾರು ಕೇಳಬೇಕು? ಕರ್ನಾಟಕ ಹೈಕೋರ್ಟಿನ ಕಲಾಪವನ್ನು ಯೂಟ್ಯೂಬಿನಲ್ಲಿ ಹಾಕಿ ನೋಡಿ. ವಾಯಿದೆ ಸಿಕ್ಕಿತೋ, 'ಆಬ್ಲೈಜ್ಡ್ ಮಿಲಾರ್ಡ್', ಅಂದರೆ ಋಣಿ ಪ್ರಭೂ. ಅರ್ಜಿ ವಜಾ ಆಯಿತೋ, ಆಗಲೂ 'ಆಬ್ಲೈಜ್ಡ್ ಮಿಲಾರ್ಡ್'. ಕಪ್ಪು ಗೌನಿನವರು ಸೊಂಟ ಬಗ್ಗಿಸಿ ಕ್ಯಾಂಟೀನಿನತ್ತ ನಡೆಯುತ್ತಾರೆ. ಬೆಳಗಿನ ಬಸ್ಸಿಗೆ ಊರಿಂದ ಬಂದ ಕಕ್ಷಿದಾರ ಫೈಲು ಮಡಿಲಲ್ಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಇನ್ನೂ ಖಾಲಿ ಹೊಟ್ಟೆಯಲ್ಲೇ ಕೂತಿರುತ್ತಾನೆ.