ಬೆಲ್ಟ್ ಹಾಕಿಸಲು ಅನುದಾನವಿಲ್ಲವಂತೆ!

ನಮ್ಮೂರಿನ ಕೊಳಚೆ ನೀರು ಶುದ್ಧೀಕರಣ ಘಟಕದ ಗೇಟಿನ ಪಕ್ಕ ಕಪ್ಪು ಗ್ರಾನೈಟಿನ ಫಲಕವೊಂದಿದೆ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತರು ಎಲ್ಲರ ಹೆಸರೂ ಚಿನ್ನದ ಅಕ್ಷರಗಳಲ್ಲಿವೆ. ಘಟಕವನ್ನು ದಿನಾ ನಡೆಸಬೇಕಾದವರು ಯಾರು ಎಂಬುದು ಅಲ್ಲಿಯೂ ಇಲ್ಲ, ಪಂಚಾಯಿತಿಯ ಯಾವ ಕಡತದಲ್ಲಿಯೂ ಇಲ್ಲ.

ಸರ್ಜಾಪುರ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಸಣ್ಣ ಊರು ನಮ್ಮದು. ಬೆಂಗಳೂರಿನ ಬಡಾವಣೆಗಳು ಇಲ್ಲಿಯವರೆಗೆ ಬಂದವು, ನಗರದ ಒಳಚರಂಡಿ ಕೊಳವೆ ಮಾತ್ರ ಬರಲಿಲ್ಲ. ಅದಕ್ಕೇ ಈ ಘಟಕ. ಮೆಂಬ್ರೇನ್ ಅಂದರೆ ನೀರು ಸೋಸುವ ತೆಳು ಪೊರೆಯ ತಂತ್ರಜ್ಞಾನ, ಅತ್ಯಾಧುನಿಕ, ಹೊರಬರುವ ನೀರಿನಲ್ಲಿ ತೋಟ ಬೆಳೆಸಬಹುದು ಎಂದು ಗ್ರಾಮಸಭೆಯಲ್ಲಿ ಹೇಳಿದ್ದೇ ಹೇಳಿದ್ದು. ಯುಗಾದಿಯ ಹೊತ್ತಿಗೆ ಬ್ಲೋವರಿನ ಬೆಲ್ಟ್ ಹರಿಯಿತು. ದೀಪಾವಳಿ ಕಳೆದರೂ ಹೊಸದು ಬಂದಿಲ್ಲ. ಕೇಳಿದರೆ ಒಂದೇ ಉತ್ತರ: "ಅನುದಾನ ಬಂದಿಲ್ಲ ಸರ್."

ಬ್ಲೋವರ್ ಎಂದರೆ ತೊಟ್ಟಿಯೊಳಕ್ಕೆ ಗಾಳಿ ಊದುವ ಯಂತ್ರ. ಕೊಳಚೆಯನ್ನು ತಿಂದು ಕರಗಿಸುವುದು ಅಲ್ಲಿನ ಬ್ಯಾಕ್ಟೀರಿಯಾ. ಅವುಗಳಿಗೆ ಉಸಿರು ಈ ಗಾಳಿಯೇ. ಸ್ವಲ್ಪ ಹೊತ್ತು ಕರೆಂಟು ಹೋದರೆ ತಡೆದುಕೊಳ್ಳುತ್ತವೆ, ದಿನಗಟ್ಟಲೆ ಗಾಳಿ ನಿಂತರೆ ಸಾಯುತ್ತವೆ. ಚೆನ್ನಾಗಿ ನಡೆಯುವ ತೊಟ್ಟಿ ಕಂದು ಬಣ್ಣಕ್ಕಿರುತ್ತದೆ, ಒದ್ದೆ ಮಣ್ಣಿನ ವಾಸನೆ ಬರುತ್ತದೆ. ನಮ್ಮದು ಕರಿ ಡಾಂಬರಿನಂತೆ ಗುಳುಗುಳು ಎನ್ನುತ್ತಿದೆ. ಕೊಳೆತ ಮೊಟ್ಟೆಯ ನಾತ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ಘಟಕದ ಹಿಂದಿನ ಮನೆಯ ಅಜ್ಜಿ ಶುಕ್ರವಾರ ತಿಕ್ಕಿಟ್ಟ ಬೆಳ್ಳಿ ದೀಪ ಮುಂದಿನ ಶುಕ್ರವಾರದೊಳಗೆ ಕಪ್ಪಾಗಿರುತ್ತದೆ. ಅದೇ ಗಾಳಿಯನ್ನು ಅವರ ಮೊಮ್ಮಕ್ಕಳೂ ಕುಡಿಯುತ್ತಿದ್ದಾರೆ.

ಮೆಂಬ್ರೇನಿನ ಕಥೆ ಇನ್ನೂ ಚೆನ್ನಾಗಿದೆ. ಅದರ ರಂಧ್ರಗಳು ಒಂದು ಮೈಕ್ರಾನಿಗಿಂತಲೂ ಚಿಕ್ಕವು. ಕೆಳಗಿನಿಂದ ಗಾಳಿಗುಳ್ಳೆಗಳು ಏಳುತ್ತಿದ್ದರೆ ಮಾತ್ರ ಅವು ಕಟ್ಟಿಕೊಳ್ಳದೆ ಉಳಿಯುತ್ತವೆ. ಆಗಾಗ ಹೈಪೋಕ್ಲೋರೈಟ್ ಎಂಬ ಬ್ಲೀಚ್ ದ್ರಾವಣದಲ್ಲಿ ತೊಳೆಯಬೇಕು, ಕೆಲವು ವರ್ಷಗಳಾದ ಮೇಲೆ ಬದಲಿಸಲೂಬೇಕು. ಇದಕ್ಕೆಲ್ಲ ದುಡ್ಡು ಯಾರ ಜೇಬಿನಿಂದ? ಟೆಂಡರ್ ಕರೆಯುವಾಗ ಈ ಪ್ರಶ್ನೆ ಒಬ್ಬರ ಬಾಯಿಂದಲೂ ಬರಲಿಲ್ಲ. ಗುತ್ತಿಗೆದಾರ ಬಿಲ್ಲು ಪಾಸಾದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟ.

ಈಗ ಉಸ್ತುವಾರಿ ನಮ್ಮ ನೀರುಗಂಟಿಯದು. ಬೆಳಿಗ್ಗೆ ಓವರ್‌ಹೆಡ್ ಟ್ಯಾಂಕಿನಿಂದ ಊರಿಗೆ ಕುಡಿಯುವ ನೀರು ಬಿಡುವವರೂ ಅವರೇ, ರಾತ್ರಿ ಇಲ್ಲಿ ಬೈಪಾಸ್ ವಾಲ್ವ್ ತಿರುಗಿಸುವವರೂ ಅವರೇ. ಸ್ಪ್ಯಾನರ್ ಕೂಡ ಅದೇ! ಅವರನ್ನು ಬೈದು ಏನು ಪ್ರಯೋಜನ? "ನನಗೆ ಯಾರು ಕಲಿಸಿದರು ಹೇಳಿ ಅಣ್ಣಾ? ತುಂಬಿದರೆ ತೆರೆದುಬಿಡು ಅಂದರು, ತೆರೆಯುತ್ತೇನೆ" ಎಂದರು. ತೆರೆದರೆ ಎಲ್ಲವೂ ನೇರ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಕೆರೆಯ ಬದಿಯ ಬೋರ್‌ವೆಲ್ ನೀರನ್ನು ಈಗ ದನಗಳೂ ಮೂಸಿ ಬಿಡುತ್ತವೆ.

ಹಳ್ಳಿಗೆ ಇದೆಲ್ಲ ಆಗದ ಕೆಲಸ ಎಂದು ಯಾರೂ ರಾಗ ಎಳೆಯಬೇಡಿ. ಇಲ್ಲೇ ದೇವನಹಳ್ಳಿಯಲ್ಲಿ 2015ರಲ್ಲಿ ಶೌಚಗುಂಡಿಗಳ ಕೆಸರನ್ನು ಸಂಸ್ಕರಿಸುವ ಘಟಕ ಕಟ್ಟಿದರು. ಬಹುಮಟ್ಟಿಗೆ ಇಳಿಜಾರಿನಲ್ಲೇ ಹರಿದು, ಒಣಗಿಸುವ ಹಾಸು, ಗಿಡ ನೆಟ್ಟ ಜಲ್ಲಿಯ ಹಾಸುಗಳಲ್ಲಿ ಶುದ್ಧವಾಗುವ ವಿಧಾನ ಅದು. ಕೆಸರಿನ ಘಟಕವೇ ಬೇರೆ, ನಮ್ಮದೇ ಬೇರೆ, ನಿಜ. ಆದರೆ ಊರಿನವರ ಕೈಗೆ ಎಟಕುವಂಥದ್ದನ್ನು ಆರಿಸಬೇಕೆಂಬ ಬುದ್ಧಿ ಅಲ್ಲಿತ್ತು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳವರೆಗೆ ಪಂಪ್ ಮಾಡುತ್ತಿದ್ದಾರೆ. ಅಷ್ಟು ದೂರ ನೀರು ತಳ್ಳಲು ವಿದ್ಯುತ್ ಸಿಗುತ್ತದೆ, ನಮ್ಮ ಬ್ಲೋವರ್ ಬಿಲ್ಲು ಕಟ್ಟುವಾಗ ಮಾತ್ರ ಎಲ್ಲರಿಗೂ ಕೈ ನಡುಗುತ್ತದೆ.

ಮೊನ್ನೆ ಮತ್ತೆ ಕಚೇರಿಗೆ ಹೋಗಿದ್ದೆ. ಘಟಕದ ಸಾಮರ್ಥ್ಯ ಸಾಲದ್ದರಿಂದಲೇ ಈ ತೊಂದರೆಯೆಂದು ತೀರ್ಮಾನವಾಗಿದೆಯಂತೆ. ಎರಡನೆಯದಕ್ಕೆ ಪ್ರಸ್ತಾವನೆ ಹೋಗಿದೆಯಂತೆ. ಜಾಗ ಎಲ್ಲಿ ಎಂದು ಕೇಳಿದೆ. ಕೆರೆಯ ಅಂಗಳದಲ್ಲೇ ಅಂತೆ.