ಹೈಸ್ಕೂಲ್ ಮಕ್ಕಳ ಕೈಗೆ ಪೊರಕೆ: ಪಾಠವಾ, ಚಾಕರಿಯಾ?

ಎಂಟರಿಂದ ಹತ್ತನೇ ತರಗತಿಯ ಮಕ್ಕಳು ದಿನಾ ತಮ್ಮ ಶಾಲೆಯನ್ನು ತಾವೇ ಗುಡಿಸಬೇಕೇ? ಪೌರನೀತಿ ಕಲಿಯಲು, ಒಬ್ಬರನ್ನೊಬ್ಬರು ಗೌರವಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಅನ್ನುವವರಿದ್ದಾರೆ. ನಮ್ಮಲ್ಲಿ ಅದು ಹಾಗೆ ನಡೆಯಲ್ಲ ಅನ್ನುವವರೂ ಇದ್ದಾರೆ. ಎರಡೂ ಕಡೆಯ ಮಾತು ಇಲ್ಲಿದೆ.

ಪರ

ಬಿಸಿಯೂಟ ಮುಗಿಯುವ ಹೊತ್ತಿಗೆ ಸರ್ಕಾರಿ ಹೈಸ್ಕೂಲಿನ ನಲ್ಲಿ ಹತ್ತಿರ ನಿಂತು ನೋಡಿ. ಮನೆಯಲ್ಲಿ ಉಂಡ ತಟ್ಟೆ ಅಲ್ಲೇ ಬಿಟ್ಟು ಏಳುವ ಹುಡುಗ ಇಲ್ಲಿ ಸಾಲಿನಲ್ಲಿ ನಿಂತು ತನ್ನ ತಟ್ಟೆ ತಾನೇ ತೊಳೆಯುತ್ತಾನೆ. ಯಾರೂ ಅದನ್ನು ಅವಮಾನ ಅಂದುಕೊಂಡಿಲ್ಲ. ಅದೇ ಹುಡುಗ ತನ್ನ ಬೆಂಚಿನ ಕೆಳಗಿನ ಕುರ್ಕುರೆ ಪ್ಯಾಕೆಟ್ ಎತ್ತಿದರೆ ಮಾತ್ರ ಮರ್ಯಾದೆ ಹೋಗುತ್ತಾ?

ಕಸ ಹಾಕುವವರು ಒಬ್ಬರು, ಎತ್ತುವವರು ಇನ್ನೊಬ್ಬರು. ನಮ್ಮ ಬೀದಿಗಳು ಹೀಗಿರುವುದಕ್ಕೆ ದೊಡ್ಡ ಕಾರಣವೇ ಇದು. ಸೋಮವಾರ ತರಗತಿ ಗುಡಿಸಿದ ಹುಡುಗಿ ಮಂಗಳವಾರ ಅಲ್ಲಿ ಪೆನ್ಸಿಲ್ ಸಿಪ್ಪೆ ಉದುರಿಸಿದವನನ್ನು ಸುಮ್ಮನೆ ಬಿಡಲ್ಲ. ‘ನಿಮ್ಮಪ್ಪ ಬಂದು ಗುಡಿಸ್ತಾರಾ?’ ಅಂತ ಜಗಳಕ್ಕೇ ನಿಲ್ಲುತ್ತಾಳೆ. ಮೇಷ್ಟ್ರು ಹತ್ತು ಸಲ ಹೇಳಿದರೂ ಆಗದ ಕೆಲಸ ಆ ಒಂದು ಜಗಳದಲ್ಲಿ ಆಗುತ್ತೆ.

ಜಪಾನಿನ ಶಾಲೆಗಳಲ್ಲಿ ಮಕ್ಕಳು ಶಾಲೆಯ ದಿನಗಳಲ್ಲಿ ಸ್ವಲ್ಪ ಹೊತ್ತು ತರಗತಿ, ಕಾರಿಡಾರು, ಮೆಟ್ಟಿಲು ಎಲ್ಲ ಒರೆಸುತ್ತಾರೆ. ಮೇಷ್ಟ್ರೂ ಜೊತೆಗಿರುತ್ತಾರೆ. 2022ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಪಂದ್ಯ ಮುಗಿದ ಮೇಲೆ ಜಪಾನಿ ಪ್ರೇಕ್ಷಕರು ಚೀಲ ಹಿಡಿದು ಕಸ ಎತ್ತಿದ್ದನ್ನು ನಾವೆಲ್ಲ ಫೋನಿನಲ್ಲಿ ನೋಡಿ ಹೊಗಳಿದೆವು, ಅಲ್ವಾ? ಅದು ಸ್ಟೇಡಿಯಮ್ಮಿನಲ್ಲಿ ಹುಟ್ಟಿದ ಬುದ್ಧಿಯಲ್ಲ. ಸಿಂಗಪುರ ಕೂಡ 2016ರಲ್ಲಿ ಇದನ್ನು ಎಲ್ಲ ಶಾಲೆಗಳಿಗೂ ತಂದಿತು.

ನಮ್ಮಲ್ಲಿ 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುವ ತೀರ್ಮಾನ ಮಾಡಿತು. ಒಳ್ಳೆಯದೇ. ಆದರೆ ಪ್ರಾರ್ಥನೆ ಸಾಲಿನಲ್ಲಿ, ಬಿಸಿಲಲ್ಲಿ, ಒಂದೇ ಉಸಿರಿಗೆ ಓದಿ ಮುಗಿಸಿದರೆ ವ್ಯಕ್ತಿ ಗೌರವ, ಭ್ರಾತೃಭಾವನೆ ಎಂಬ ಮಾತುಗಳು ಎಲ್ಲಿ ಇಳಿಯುತ್ತವೆ? ವಕೀಲರ ಮಗನೂ ಕೂಲಿ ಮಾಡುವವರ ಮಗಳೂ ಒಂದೇ ಮೊರ ಹಿಡಿದು ಕಸ ತುಂಬಿದಾಗ ಇಳಿಯುತ್ತವೆ.

ಷರತ್ತುಗಳಿವೆ. ಶೌಚಾಲಯ, ಚರಂಡಿ ಮಕ್ಕಳ ಕೆಲಸವಲ್ಲ. ಹುಡುಗ ಹುಡುಗಿ ಎಂಬ ಭೇದ ಕೂಡದು. ಶಿಕ್ಷೆಯಾಗಿ ಪೊರಕೆ ಕೊಡಬಾರದು. ಇನ್ನೊಂದು ಮುಖ್ಯ: ಪಾಳಿ ಪಟ್ಟಿಯಲ್ಲಿ ಮೊದಲ ಹೆಸರು ಹೆಡ್‌ಮಾಸ್ಟರದ್ದೇ ಇರಬೇಕು. ಅವರು ಗುಡಿಸಲ್ಲ ಅಂದರೆ ಈ ಯೋಜನೆ ಬೇಡವೇ ಬೇಡ.

ವಿರೋಧ

ಪಾಳಿ ಪಟ್ಟಿ ಗೋಡೆಯ ಮೇಲೆ ಚೆನ್ನಾಗೇ ಕಾಣುತ್ತೆ. ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದಿರುತ್ತಾರೆ. ಸ್ವಲ್ಪ ದಿನ ಬಿಟ್ಟು ಹೋಗಿ ನೋಡಿ. ಹೆಡ್‌ಮಾಸ್ಟರು ಬಿಇಓ ಕಚೇರಿ ಮೀಟಿಂಗಿಗೆ ಹೋಗಿರುತ್ತಾರೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಶೇಷ ತರಗತಿ ಅಂತ ರಿಯಾಯಿತಿ ಸಿಕ್ಕಿರುತ್ತೆ. ಹುಡುಗರು ‘ಬೆಂಚ್ ಎತ್ತೋದಷ್ಟೇ ನಮ್ಮ ಕೆಲಸ’ ಅಂತ ಎರಡು ಬೆಂಚ್ ಸರಿಸಿ ಹೊರಗೆ ಓಡಿರುತ್ತಾರೆ. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರ ಮಗನಿಗೆ ಧೂಳು ಆಗಿಬರಲ್ಲ. ಕೊನೆಗೆ ಪೊರಕೆ ಯಾರ ಕೈಯಲ್ಲಿ ಉಳಿಯುತ್ತೆ? ಎಂಟನೇ ಕ್ಲಾಸಿನ ಹುಡುಗಿಯರ ಕೈಯಲ್ಲಿ. ಅವರಲ್ಲೂ, ‘ನಮ್ಮ ಮಗಳ ಕೈಲಿ ಯಾಕೆ ಗುಡಿಸಿದ್ರಿ’ ಅಂತ ಮನೆಯಿಂದ ಕೇಳೋಕೆ ಯಾರೂ ಬರದವರ ಕೈಯಲ್ಲಿ.

ಜಪಾನ್, ಸಿಂಗಪುರ ಎಲ್ಲ ಸರಿ. ಆದರೆ ನಮ್ಮೂರಿನಲ್ಲಿ ಪೊರಕೆಗೆ ಜಾತಿ ಇದೆ. ಸ್ಟಾಫ್ ರೂಮಿಗೆ ಕುಡಿಯುವ ನೀರು ತರಲು ಯಾವ ಮಗುವನ್ನು ಕಳಿಸುತ್ತಾರೆ, ಶೌಚಾಲಯಕ್ಕೆ ಬಕೆಟ್ ಹೊರಲು ಯಾವ ಮಗುವನ್ನು ಕಳಿಸುತ್ತಾರೆ ಅಂತ ಗಮನಿಸಿ. ಎರಡೂ ಒಂದೇ ಮಗುವಾದರೆ ಆ ಶಾಲೆಗೆ ಕೈ ಮುಗಿಯಬೇಕು. ಅಂಬೇಡ್ಕರ್ ಓದಿದ ಶಾಲೆಯಲ್ಲಿ ಪ್ಯೂನ್ ಬಂದು ನಲ್ಲಿ ತಿರುಗಿಸಿದರೆ ಮಾತ್ರ ಅವರಿಗೆ ನೀರು. ಪ್ಯೂನ್ ಬರದ ದಿನ ನೀರಿಲ್ಲ. ಆ ಕಾಲ ಹೋಯಿತು ಅನ್ನುತ್ತೀರಾ? 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲಗುಂಡಿಗೆ ಇಳಿಸಿ ಕ್ಲೀನ್ ಮಾಡಿಸಿದ ಸುದ್ದಿ ಹೊರಬಂತು. ಪ್ರಾಂಶುಪಾಲರು ಅಮಾನತಾದರು, ಪೊಲೀಸ್ ಕೇಸ್ ಆಯಿತು. ಮಕ್ಕಳಿಂದ ಶೌಚಾಲಯ ತೊಳೆಸಬೇಡಿ ಅಂತ ಇಲಾಖೆ ಸುತ್ತೋಲೆ ಹೊರಡಿಸಿತು. ತರಗತಿಯಲ್ಲಿ ಶುರುವಾದ ಪೊರಕೆ ಶೌಚಾಲಯದ ಬಾಗಿಲಲ್ಲಿ ನಿಲ್ಲುತ್ತೆ ಅಂತ ಯಾರು ಜಾಮೀನು ಕೊಡುತ್ತಾರೆ? ಅದರಲ್ಲೂ ತೊಳೆಯುವವರು ಬೇರೆ ಯಾರೂ ಇಲ್ಲದ ಶಾಲೆಯಲ್ಲಿ?

ಗಾಂಧೀಜಿ 1901ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಪೊರಕೆ ಹಿಡಿದು ಕಕ್ಕಸು ಸ್ವಚ್ಛ ಮಾಡಿದರು. ಈ ಮಾತು ಬಂದಾಗಲೆಲ್ಲ ಅವರನ್ನು ಎಳೆದು ತರುತ್ತಾರೆ. ಆದರೆ ಅವರು ಬ್ಯಾರಿಸ್ಟರ್ ಓದಿದವರು, ಪೊರಕೆಯನ್ನು ತಾವೇ ಕೇಳಿ ಪಡೆದವರು. ಬೇಡ ಅನ್ನಲು ಧೈರ್ಯವಿಲ್ಲದ ಹದಿಮೂರು ವರ್ಷದ ಹುಡುಗಿಗೆ ಆ ಉದಾಹರಣೆ ಹೊಂದಲ್ಲ.

ಇಷ್ಟೊಂದು ಒಳ್ಳೆಯ ಪಾಠ ಅನ್ನುವುದಾದರೆ ಲಕ್ಷಗಟ್ಟಲೆ ಫೀಸಿನ ಶಾಲೆಗಳಲ್ಲಿ ಇದನ್ನು ಯಾಕೆ ಕಲಿಸುವುದಿಲ್ಲ? ಅಲ್ಲಿ ಗುಡಿಸಲು ಆಯಾ ಇದ್ದಾರೆ. ಸರ್ಕಾರಿ ಶಾಲೆಯಲ್ಲಿ ಆ ಹುದ್ದೆಗೆ ಜನ ಇರುವುದೇ ಅಪರೂಪ. ಖಾಲಿ ಹುದ್ದೆಗೆ ಸಂಸ್ಕಾರ ಅಂತ ಹೆಸರಿಟ್ಟರೆ ಸರ್ಕಾರಕ್ಕೆ ಸಂಬಳ ಉಳಿಯುತ್ತೆ, ಅಷ್ಟೇ.

ಲೆಕ್ಕ ನೋಡಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ 100ರಿಂದ 250 ಮಕ್ಕಳಿರುವ ಶಾಲೆಗೆ ವರ್ಷದ ಅನುದಾನ 50,000 ರೂಪಾಯಿ. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಇಡಬೇಕು. ಅಂದರೆ 5,000. ತಿಂಗಳಿಗೆ ನಾನೂರು ಚಿಲ್ಲರೆ. ಫಿನಾಯಿಲು, ಬ್ರಷ್ಷು, ಎರಡು ಪೊರಕೆಗೆ ಮುಗಿಯಿತು. ಅನುದಾನದ ಉಳಿದ ದುಡ್ಡೂ ಚಾಕ್‌ಪೀಸು, ಕರೆಂಟ್ ಬಿಲ್ಲು, ರಿಪೇರಿ ಅಂತ ಕರಗುತ್ತೆ. ಆಳಿಗೆ ಎಲ್ಲಿಂದ ಕೊಡೋದು?

ತನ್ನ ತಟ್ಟೆ ತಾನು ತೊಳೆಯಲಿ, ತಾನು ಹಾಕಿದ ಕಸ ತಾನೇ ಎತ್ತಲಿ. ಅದಕ್ಕೆ ಈ ಕಡೆಯವರ ತಕರಾರಿಲ್ಲ. ಇಡೀ ಶಾಲೆ ಗುಡಿಸಲು ಸಂಬಳದ ಜನ ಬೇಕು, ಅದೂ ಕಾನೂನಿನ ಪ್ರಕಾರದ ಕನಿಷ್ಠ ಕೂಲಿ ಕೊಟ್ಟು. ಸಿಬ್ಬಂದಿ ಬೋರ್ಡಿನಲ್ಲಿ ಮೇಷ್ಟ್ರುಗಳ ಜೊತೆ ಅವರ ಹೆಸರೂ ಬರೆಯಿರಿ. ಮಕ್ಕಳು ‘ಏಯ್’ ಅನ್ನದೆ ಅಕ್ಕ, ಅಣ್ಣ ಅಂತ ಕರೆಯಲಿ. ಆಗಸ್ಟ್ 15ರಂದು ಧ್ವಜಕಂಬದ ಪಕ್ಕ ಅತಿಥಿಗಳಿಗೆ ಹಾಕುವ ಕುರ್ಚಿಗಳಲ್ಲಿ ಒಂದು ಅವರಿಗೂ ಇರಲಿ. ಗೌರವದ ಪಾಠವನ್ನು ಅಲ್ಲಿಂದಲೂ ಶುರುಮಾಡಬಹುದು.